ಇಪ್ಪತ್ತು ತಿಂಗಳ ಮಗು, ಹತ್ತು ತಾಸಿನ ಎರಡು ವಿಮಾನ: ಎಕಾನಮಿಯಲ್ಲಿ ಯಾವ ಸೀಟು ಹಿಡಿಯುವುದು?

ತೋಟದಮನೆ ಅಜ್ಜ, ಶಿರಸಿ:
ಮಗಳು, ಅಳಿಯ, ಮೊಮ್ಮಗ ಡಿಸೆಂಬರ್ ಕೊನೆಗೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೇಲೆ ಶಿಕಾಗೋಗೆ ಹೊರಟಿದ್ದಾರೆ. ವಾಪಸ್ ಮೇ ತಿಂಗಳಲ್ಲಿ. ಹೋಗುವಾಗ ಮಾಣಿಗೆ 20 ತಿಂಗಳು. ತೂಕ ಹನ್ನೊಂದೂವರೆ ಕೆಜಿ, ಉದ್ದ 84 ಸೆಂಟಿಮೀಟರ್. ಒಂದೊಂದು ಹಾರಾಟವೂ ಹತ್ತು ತಾಸಿನ ಹತ್ತಿರ. ಟಿಕೆಟ್ ಇನ್ನೂ ಮಾಡಿಸಿಲ್ಲ. ಏಜೆಂಟರು ಹೇಳುವುದು: "ಎದುರಿಗೆ ಗೋಡೆ ಇರುವ ಬಲ್ಕ್‌ಹೆಡ್ ಸಾಲು ಹಿಡಿಯಿರಿ, ತೊಟ್ಟಿಲು ಕೊಡುತ್ತಾರೆ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡರೆ ಟಿಕೆಟಿನ ಹತ್ತು ಪರ್ಸೆಂಟ್ ಕೊಟ್ಟರೆ ಸಾಕು." ಅಳಿಯನಿಗೆ ಮೂರು ಸೀಟೇ ತೆಗೆಯಬೇಕು ಅಂತ. ತಿಳಿದವರು ಹೇಳಿ.

ಕಾಳಿ ದಂಡೆ, ಕಾರವಾರ:
ಅಜ್ಜ, ಸೀಟಿಗಿಂತ ಮೊದಲು ಹುಟ್ಟಿದ ತಾರೀಕು ನೋಡಬೇಕು. ಡಿಸೆಂಬರ್ ಕೊನೆಗೆ 20 ತಿಂಗಳು ಅಂದರೆ ಏಪ್ರಿಲ್ ಹೊತ್ತಿಗೆ ಎರಡು ತುಂಬುತ್ತದೆ. ಎರಡು ತುಂಬಿದ ಮೇಲೆ ಸ್ವಂತ ಸೀಟು ಕಡ್ಡಾಯ, ಹಾಗಾಗಿ ಮೇ ತಿಂಗಳಲ್ಲಿ ತೊಡೆ ಮೇಲಿನ ಟಿಕೆಟ್ ನಡೆಯುವುದಿಲ್ಲ. ಟಿಕೆಟ್ ಮಾಡಿಸಿದ ದಿನದ ವಯಸ್ಸು ಲೆಕ್ಕಕ್ಕಿಲ್ಲ, ವಿಮಾನ ಹತ್ತುವ ದಿನದ ವಯಸ್ಸು ಮುಖ್ಯ. ಹೋಗಿಬರುವ ಎರಡಕ್ಕೂ ಹತ್ತು ಪರ್ಸೆಂಟ್ ಅಂತ ಏಜೆಂಟರು ಹೇಳಿದ್ದರೆ ಆ ಲೆಕ್ಕ ತಪ್ಪು. ವಾಪಸ್ ಬರುವ ದಿನ ಕೌಂಟರಿನಲ್ಲಿ ಅಂದಿನ ದರಕ್ಕೆ ಸೀಟು ಕೊಳ್ಳಬೇಕಾಗುತ್ತದೆ, ಅದೂ ಖಾಲಿ ಉಳಿದಿದ್ದರೆ. ಕೆಲವು ಕಂಪನಿಗಳು ಇಡೀ ಪ್ರಯಾಣಕ್ಕೇ ಮಕ್ಕಳ ಟಿಕೆಟ್ ಮಾಡಿಸಿ ಎನ್ನುತ್ತವೆ, ಕೆಲವು ವಾಪಸ್ ಭಾಗಕ್ಕೆ ಮಾತ್ರ. ಟಿಕೆಟಿಗೆ ಮೊದಲೇ ಕೇಳಿ. ಮಕ್ಕಳ ದರ ಹಲವು ಕಡೆ ದೊಡ್ಡವರ ಮೂಲ ದರದ ಮುಕ್ಕಾಲು ಪಾಲಿನ ಆಸುಪಾಸು, ತೆರಿಗೆ ಬೇರೆ. ಅಂದರೆ ತೊಡೆಯೋ ಸೀಟೋ ಎಂಬ ಪ್ರಶ್ನೆ ಹೋಗುವ ದಾರಿಗೆ ಮಾತ್ರ.

ಇಬ್ಬರ ತಾಯಿ, ಕುಮಟಾ:
ತೊಟ್ಟಿಲಿನ ಆಸೆ ಬಿಡಿ ಅಜ್ಜ. ಗೋಡೆಗೆ ಸಿಕ್ಕಿಸುವ ಆ ಬ್ಯಾಸಿನೆಟ್ ಸಾಮಾನ್ಯವಾಗಿ 75 ಸೆಂಟಿಮೀಟರ್ ಆಸುಪಾಸಿನದು, ನಿಮ್ಮ ಮಾಣಿ 84. ತೂಕದ ಮಿತಿ ಕಂಪನಿಯಿಂದ ಕಂಪನಿಗೆ ಬೇರೆ, ಹೆಚ್ಚಾಗಿ 10ರಿಂದ 14 ಕೆಜಿ. ತೂಕದಲ್ಲಿ ಹೇಗೋ ಪಾಸಾದರೂ ಕಾಲು ಹೊರಗೆ. ಎದ್ದು ಕೂರಲು ಬರುವ ಮಗುವನ್ನು ಅದರಲ್ಲಿ ಮಲಗಿಸಿದರೆ ಮಗ್ಗುಲಾಗಿ ಎದ್ದು ನಿಲ್ಲಲು ನೋಡುತ್ತದೆ. ಬೆಲ್ಟ್ ದೀಪ ಹತ್ತಿದಾಗಲೆಲ್ಲ ಎತ್ತಿ ತೊಡೆಗೆ ಹಾಕಿಕೊಳ್ಳಬೇಕು. ಅಷ್ಟು ಹೊತ್ತು ಜೋಗುಳ ಹಾಡಿ ಮಲಗಿಸಿದ್ದು ಅಲ್ಲಿಗೆ ಮುಗಿಯಿತು. ಬ್ಯಾಸಿನೆಟ್ ಇರುವುದು ಆರೆಂಟು ತಿಂಗಳ ಕೂಸಿಗೆ.

ರೆಕ್ಕೆಯ ಸಾಲು, ಅಂಕೋಲಾ:
ಅದಕ್ಕಿಂತ ದೊಡ್ಡ ತೊಂದರೆ ಬಲ್ಕ್‌ಹೆಡ್ ಸೀಟಿನ ಆರ್ಮ್‌ರೆಸ್ಟ್, ಅಂದರೆ ಕೈ ಊರುವ ಪಟ್ಟಿ. ಎದುರಿಗೆ ಸೀಟೇ ಇಲ್ಲವಲ್ಲ, ಹಾಗಾಗಿ ಊಟದ ಟ್ರೇಯನ್ನೂ ಟಿವಿ ಪರದೆಯನ್ನೂ ಆರ್ಮ್‌ರೆಸ್ಟಿನೊಳಗೇ ಮಡಚಿಟ್ಟಿರುತ್ತಾರೆ. ಆದ್ದರಿಂದ ಅದು ಮೇಲಕ್ಕೆ ಏಳುವುದಿಲ್ಲ, ಕೂರುವ ಅಗಲವೂ ಒಂದಿಷ್ಟು ಕಮ್ಮಿ. ಸಾಮಾನ್ಯ ಸಾಲಿನಲ್ಲಿ ಅದೇ ಆರ್ಮ್‌ರೆಸ್ಟ್ ಎತ್ತಿ ಬೆನ್ನಿನ ಸಂದಿಗೆ ತಳ್ಳಬಹುದು.

ಅಳತೆ ಹಾಕಿ ನೋಡಿ. ಸಾಲಿನಲ್ಲಿ 10 ಸೀಟಿರುವ ಬೋಯಿಂಗ್ 777ರಲ್ಲಿ ಒಂದು ಸೀಟಿನ ಅಗಲ ಸುಮಾರು 43 ಸೆಂಟಿಮೀಟರ್, ಏರ್‌ಬಸ್ 350, 330ಗಳಲ್ಲಿ 45ರ ಹತ್ತಿರ. ಆರ್ಮ್‌ರೆಸ್ಟಿನ ದಪ್ಪ ಸೇರಿಸಿದರೆ ಒಂದು ಸೀಟಿಗೆ 48 ಅಂತ ಹಿಡಿಯಿರಿ. ಮಗು ಕಿಟಕಿ ಸೀಟಿನಲ್ಲಿ, ಅಮ್ಮ ನಡುವೆ, ಅಪ್ಪ ಐಲ್ (ನಡೆದಾಡುವ ದಾರಿ) ಬದಿಗೆ. ಮಗುವಿಗೂ ಅಮ್ಮನಿಗೂ ನಡುವಿನ ಆರ್ಮ್‌ರೆಸ್ಟ್ ಎತ್ತಿ, ಪಾದ ಕಿಟಕಿ ಗೋಡೆಯ ಕಡೆ, ತಲೆ ಅಮ್ಮನ ತೊಡೆಯ ಮೇಲೆ ಬರುವಂತೆ ಮಲಗಿಸಿ. ಸ್ವಂತ ಸೀಟಿನ 48, ತೊಡೆಯ 40. 84 ಸೆಂಟಿಮೀಟರಿನ ಮಗು ಕಾಲು ಮಡಚದೆ ಹಿಡಿಸುತ್ತದೆ. ಬಲ್ಕ್‌ಹೆಡ್ಡಿನಲ್ಲಿ ಇದು ಆಗುವುದಿಲ್ಲ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನ ಹೊರಡುವುದು ನಡುರಾತ್ರಿ ದಾಟಿದ ಮೇಲೆ, ಮಗು ನಿದ್ದೆಗಣ್ಣಲ್ಲೇ ಹತ್ತುತ್ತದೆ. ಆ ಹೊತ್ತಿಗೆ ಬೇಕಾಗುವುದು ಮಲಗುವ ಜಾಗ. ಕಾಲು ಚಾಚುವ ಜಾಗ ಆಮೇಲೆ.

ಸಾಗರತೀರ, ಭಟ್ಕಳ:
ಬಲ್ಕ್‌ಹೆಡ್ಡನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ ಅಣ್ಣ. ಎರಡನೇ ಹಾರಾಟ, ಫ್ರಾಂಕ್‌ಫರ್ಟಿನಿಂದ ಶಿಕಾಗೋಗೆ, ಹಗಲಿನಲ್ಲಿ. ಮಗು ಎಚ್ಚರ ಇರುತ್ತದೆ. ಈ ವಯಸ್ಸಿನ ಮಗುವಿನ ಕಾಲು ಸೀಟಿನ ಅಂಚಿಗೆ ಮುಗಿದು ನೆಟ್ಟಗೆ ಮುಂದಕ್ಕೆ ಚಾಚಿಕೊಳ್ಳುತ್ತದೆ, ಬೂಟು ಸರಿಯಾಗಿ ಮುಂದಿನವರ ಬೆನ್ನಿಗೆ. ಹತ್ತು ತಾಸು ಒದೆಯಬೇಡ ಒದೆಯಬೇಡ ಅನ್ನುತ್ತಾ ಕೂರುವುದು ತಾಯಿಗೆ ಶಿಕ್ಷೆ. ಬಲ್ಕ್‌ಹೆಡ್ಡಿನಲ್ಲಿ ಒದೆಯಲು ಯಾರೂ ಇಲ್ಲ, ಮಗು ಇಳಿದು ಕಾಲ ಬುಡದಲ್ಲಿ ನಿಲ್ಲಬಹುದು, ಎದುರಿನವರು ಸೀಟು ಹಿಂದಕ್ಕೆ ಒರಗಿಸುವ ಕಾಟವಿಲ್ಲ.

ಇಬ್ಬರ ತಾಯಿ, ಕುಮಟಾ:
ತಂಗಿ, ನಿಲ್ಲಲು ಜಾಗವಿದೆ, ಒಪ್ಪಿದೆ. ಆದರೆ ಆ ಸಾಲಿನಲ್ಲಿ ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಒಂದು ಚೀಲವನ್ನೂ ಕೆಳಗಿಡಲು ಬಿಡುವುದಿಲ್ಲ, ಎಲ್ಲ ಮೇಲಿನ ಡಬ್ಬಕ್ಕೆ. ಮಗು ರಂಪ ಮಾಡುವುದು ಆ ಅರ್ಧ ತಾಸಿನಲ್ಲೇ. ಇಳಿಯುವಾಗ ಕಿವಿ ಕಟ್ಟುತ್ತದೆ, ಬಾಟಲಿಯೋ ಸಿಪ್ಪರೋ ಬಾಯಿಗೆ ಕೊಡಬೇಕು, ಅದು ಮೇಲೆ ಸಿಕ್ಕಿಕೊಂಡಿರುತ್ತದೆ. ಅಲ್ಲೇ ಹೋಗುವುದಾದರೆ ಸಿಪ್ಪರ್, ಒಂದು ಡೈಪರ್, ಒರೆಸುವ ಬಟ್ಟೆ ಇವಿಷ್ಟನ್ನು ಜಾಕೆಟಿನ ಜೇಬಿಗೆ ಹಾಕಿಕೊಳ್ಳಬೇಕು. ಅನೇಕ ವಿಮಾನಗಳಲ್ಲಿ ಆ ಗೋಡೆಯ ಹಿಂದೆ ಇರುವುದು ಟಾಯ್ಲೆಟ್ಟು ಅಥವಾ ಅಡುಗೆ ಕಟ್ಟೆ. ದೀಪ, ಫ್ಲಶ್ಶಿನ ಸದ್ದು, ಸಾಲುಗಟ್ಟಿ ನಿಂತವರು. ಪಕ್ಕದಲ್ಲಿ ಮೂರು ತಿಂಗಳ ಕೂಸು ಬಂದರೆ ಅದರ ಅಳುವಿಗೆ ನಿಮ್ಮ ಮಗುವೂ ಏಳುತ್ತದೆ.

ಒದೆಯುವುದಕ್ಕೆ ಬೇರೆ ಉಪಾಯವಿದೆ. ಕೂತ ತಕ್ಷಣ ಬೂಟು ಬಿಚ್ಚಿ, ಕಾಲುಚೀಲ ಮಾತ್ರ ಇರಲಿ. ಅರ್ಧ ಬಲ ಹೋಗುತ್ತದೆ.

ರೆಕ್ಕೆಯ ಸಾಲು, ಅಂಕೋಲಾ:
ಇನ್ನೂ ಗಟ್ಟಿ ಉಪಾಯ ಬೇಕಿದ್ದರೆ ಹಿಂದು ಮುಂದು ಸೀಟು ತೆಗೆಯಿರಿ. 33ನೇ ಸಾಲಿನಲ್ಲಿ ಕಿಟಕಿಗೆ ಮಗು, ಪಕ್ಕ ಅಮ್ಮ. 32ರಲ್ಲಿ ಮಗುವಿನ ಎದುರಿನ ಕಿಟಕಿ ಸೀಟಿಗೆ ಅಪ್ಪ. ಒದೆತ ಬೀಳುವುದು ಅಪ್ಪನ ಬೆನ್ನಿಗೆ, ಆತ ಸೀಟು ಒರಗಿಸುವುದಿಲ್ಲ, ಹಾಗಾಗಿ ಮಗುವಿನ ಮುಂದೆ ಜಾಗ ಪೂರ್ತಿ.

ಸಾಗರತೀರ, ಭಟ್ಕಳ:
ಆಗ ಅಮ್ಮನ ಪಕ್ಕ ಐಲ್ ಸೀಟಿನಲ್ಲಿ ಅಪರಿಚಿತರು. ಡೈಪರ್ ಬದಲಿಸಲು ಪ್ರತಿ ಸಲ ಅವರನ್ನು ಎಬ್ಬಿಸಬೇಕು. ಮಗುವನ್ನು ಅಪ್ಪನಿಗೆ ದಾಟಿಸಬೇಕಾದರೆ ಸೀಟಿನ ಮೇಲಿಂದ ಎತ್ತಿ ಕೊಡಬೇಕು. ಇಬ್ಬರಿದ್ದೂ ಒಬ್ಬಳೇ ನೋಡಿಕೊಂಡ ಹಾಗೆ.

ರೆಕ್ಕೆಯ ಸಾಲು, ಅಂಕೋಲಾ:
ಅದು ನಿಜ. ಮೂವರೂ ಒಂದೇ ಬ್ಲಾಕಿನಲ್ಲಿ, ಅಂದರೆ ನಡುವೆ ದಾರಿಯಿಲ್ಲದ ಅಕ್ಕಪಕ್ಕದ ಸೀಟುಗಳಲ್ಲಿ, ಸಿಗುವಾಗ ಹಿಂದು ಮುಂದು ಬೇಡ. 2-4-2 ಜೋಡಣೆಯ (ಎರಡು ಬದಿಗೆ ಎರಡೆರಡು, ನಡುವೆ ನಾಲ್ಕು ಸೀಟು) ವಿಮಾನದಲ್ಲಿ ಮಾತ್ರ ಅದನ್ನು ಪರಿಗಣಿಸಿ, ಅಲ್ಲಿ ಕಿಟಕಿ ಬದಿಗೆ ಇರುವುದೇ ಎರಡು ಸೀಟು, ಐಲಿಗೆ ಅಮ್ಮನೇ ಬರುತ್ತಾಳೆ.

ಶರಾವತಿ ಸೇತುವೆ, ಹೊನ್ನಾವರ:
ಹೋಗುವ ದಾರಿಗೆ ಮೂರನೇ ಸೀಟು ಕೊಳ್ಳುವ ಅಗತ್ಯವೇ ಇಲ್ಲ ಎನ್ನುವವನು ನಾನು. ಮಗು ತೊಡೆ ಟಿಕೆಟಿನಲ್ಲಿ. ಅಪ್ಪ ಅಮ್ಮ ಮೂರರ ಬ್ಲಾಕಿನಲ್ಲಿ ಕಿಟಕಿ ಮತ್ತು ಐಲ್ ತೆಗೆದು ನಡುವಿನದನ್ನು ಬಿಡಬೇಕು. ಇಬ್ಬರ ನಡುವೆ, ಅದೂ ಮಗುವಿರುವ ಸಾಲಿನಲ್ಲಿ, ಒಂಟಿ ಸೀಟನ್ನು ಯಾರೂ ಆರಿಸುವುದಿಲ್ಲ. ವಿಮಾನದ ಹಿಂಭಾಗದಲ್ಲಾದರೆ ಆ ಸೀಟು ಖಾಲಿ ಉಳಿಯುವ ಸಂಭವ ಹೆಚ್ಚು. ಯಾರಾದರೂ ಬಂದರೂ ಐಲ್ ಕೊಡುತ್ತೇವೆ ಅಂದರೆ ಖುಷಿಯಿಂದ ಸರಿಯುತ್ತಾರೆ.

ಕಾಳಿ ದಂಡೆ, ಕಾರವಾರ:
ಫೆಬ್ರವರಿಯ ಮಂಗಳವಾರಕ್ಕೆ ಇದು ಒಳ್ಳೆಯ ಉಪಾಯ. ಡಿಸೆಂಬರ್ ಕೊನೆಗೆ ಅಲ್ಲ. ಆ ವಾರ ವಿಮಾನ ತುಂಬಿರುತ್ತದೆ, ಉಳಿದ ಒಂಟಿ ಸೀಟುಗಳನ್ನು ಕೌಂಟರಿನ ಕಂಪ್ಯೂಟರು ತಾನೇ ಹಂಚುತ್ತದೆ, ಪ್ರಯಾಣಿಕ ಆರಿಸಬೇಕಂತಿಲ್ಲ. ಸೀಟ್ ಮ್ಯಾಪ್ ಖಾಲಿ ಕಂಡರೆ ವಿಮಾನ ಖಾಲಿ ಇದೆ ಎಂದು ತಿಳಿಯುವುದೂ ತಪ್ಪು. ಅಗ್ಗದ ಟಿಕೆಟಿನವರು ದುಡ್ಡು ಕೊಟ್ಟು ಸೀಟು ಆರಿಸಿರುವುದಿಲ್ಲ, ಅವರೆಲ್ಲ ಮ್ಯಾಪಿನಲ್ಲಿ ಕಾಣುವುದು ಚೆಕ್‌ಇನ್ ತೆರೆದ ಮೇಲೆ. ಕಂಪನಿ ತಾನೇ ತಡೆಹಿಡಿದ ಸೀಟುಗಳು ತುಂಬಿದ ಹಾಗೆ ಕಾಣುವುದೂ ಉಂಟು. ಹೊರಡುವ ಎರಡು ದಿನ ಮೊದಲು ಅದೇ ವಿಮಾನಕ್ಕೆ ಏಳೆಂಟು ಟಿಕೆಟ್ ಬೇಕೆಂದು ಹುಡುಕಿ ನೋಡಿದರೆ ಮ್ಯಾಪಿಗಿಂತ ಸರಿಯಾದ ಅಂದಾಜು ಸಿಗುತ್ತದೆ. ಅಷ್ಟು ಸೀಟು ಮಾರಾಟಕ್ಕೆ ಸಿಗದಿದ್ದರೆ ನಡುವಿನ ಸೀಟು ಖಾಲಿ ಉಳಿಯುವ ಆಸೆ ಬೇಡ.

ರೆಕ್ಕೆಯ ಸಾಲು, ಅಂಕೋಲಾ:
ತೊಡೆ ಟಿಕೆಟಿಗೆ ಇನ್ನೊಂದು ಕಟ್ಟು ಇದೆ. ಮೇಲಿಂದ ಬೀಳುವ ಆಮ್ಲಜನಕದ ಮುಖವಾಡ ಒಂದು ಬ್ಲಾಕಿಗೆ ಸಾಮಾನ್ಯವಾಗಿ ಒಂದೇ ಹೆಚ್ಚುವರಿ, ಆದ್ದರಿಂದ ಒಂದು ಬ್ಲಾಕಿನಲ್ಲಿ ತೊಡೆ ಮೇಲಿನ ಮಗು ಒಂದೇ. ಮಗುವಿನ ಹೆಸರು ಬುಕಿಂಗಿಗೆ ಸೇರಿಸದೆ ಸೀಟು ಆರಿಸಿಟ್ಟುಕೊಂಡು ಆಮೇಲೆ ಫೋನಿನಲ್ಲಿ ಸೇರಿಸಿದರೆ, ಆ ಬ್ಲಾಕಿನಲ್ಲಿ ಬೇರೊಂದು ಕೂಸು ಮೊದಲೇ ಇದ್ದಲ್ಲಿ ನಿಮ್ಮನ್ನು ಎಬ್ಬಿಸುತ್ತಾರೆ. ಮೊದಲು ಹೆಸರು, ಆಮೇಲೆ ಸೀಟು.

ಸುರಕ್ಷತೆಯ ಮಾತು ಬಂದರೆ ನನ್ನ ಮತ ಪೂರ್ತಿ ಅಳಿಯನ ಕಡೆ. ಯುರೋಪಿನ, ಗಲ್ಫಿನ ಕಂಪನಿಗಳಲ್ಲಿ ತೊಡೆ ಮೇಲಿನ ಮಗುವಿಗೆ ದೊಡ್ಡವರ ಬೆಲ್ಟಿಗೆ ಪೋಣಿಸುವ ಪುಟ್ಟ ಬೆಲ್ಟ್ ಕೊಡುತ್ತಾರೆ. ಅಮೆರಿಕದ ಕಂಪನಿಗಳಲ್ಲಿ ಅದಕ್ಕೆ ಅನುಮತಿ ಇಲ್ಲ, ಬರಿ ಕೈಯಲ್ಲಿ ಹಿಡಿದುಕೊಳ್ಳಬೇಕು. ವಿಮಾನ ಜೋರಾಗಿ ಕುಲುಕಿದಾಗ ಹನ್ನೊಂದೂವರೆ ಕೆಜಿಯ ಮಗುವನ್ನು ತೋಳಬಲದಲ್ಲಿ ತಡೆಹಿಡಿಯಲು ಯಾರಿಂದಲೂ ಆಗುವುದಿಲ್ಲ.

ತೋಟದಮನೆ ಅಜ್ಜ, ಶಿರಸಿ:
ಮೂರು ಸೀಟು ಅಂತಲೇ ನಿಶ್ಚಯ ಮಾಡಿದೆವು. ಸೀಟಿನಲ್ಲಿ ಕೂರಿಸಿದರೆ ಸೊಂಟದ ಬೆಲ್ಟ್ ಒಂದೇ ಸಾಕೇ? ಮಾಣಿ ಜಾರಿ ಕೆಳಗೆ ಇಳಿದುಬಿಡುವವ.

ರೆಕ್ಕೆಯ ಸಾಲು, ಅಂಕೋಲಾ:
ಎರಡು ದಾರಿ. ಒಂದು, ಕಾರಿನಲ್ಲಿ ಮಗುವನ್ನು ಕೂರಿಸಿ ಕಟ್ಟುವ ಕಾರ್ ಸೀಟು. ಅದರ ಮೇಲೆ ವಾಹನಕ್ಕೂ ವಿಮಾನಕ್ಕೂ ಪ್ರಮಾಣಿತ ಎಂದು ಕೆಂಪಕ್ಷರದ ಚೀಟಿ ಇದ್ದರೆ ಅಮೆರಿಕದ ಕಂಪನಿಯಲ್ಲಿ ತಕರಾರಿಲ್ಲ. ನಮ್ಮಲ್ಲಿ ಸಿಗುವ ಹೆಚ್ಚಿನವುಗಳ ಮೇಲೆ ಇರುವುದು ಯುರೋಪಿನ ರಸ್ತೆಯ ಗುರುತು ಮಾತ್ರ, ಅದು ನಡೆಯುತ್ತದೆಯೇ ಎಂದು ಕಂಪನಿಯನ್ನು ಮೊದಲೇ ಕೇಳಿ. ಅಗಲ 40 ಸೆಂಟಿಮೀಟರ್ ಮೀರಿದರೆ ಎರಡು ಆರ್ಮ್‌ರೆಸ್ಟಿನ ನಡುವೆ ಇಳಿಯುವುದೇ ಕಷ್ಟ. ಕಾರ್ ಸೀಟು ಕಟ್ಟುವುದು ಕಿಟಕಿಗೆ, ಬೇರೆಯವರು ದಾಟುವ ದಾರಿಗೆ ಅಡ್ಡ ಬರಬಾರದು. ಅದರಲ್ಲಿ ಕೂತ ಮಗುವಿನ ಕಾಲು ಇನ್ನೂ ಮುಂದೆ ಬರುತ್ತದೆ, ಒದೆತ ಹೆಚ್ಚು. ಅಡ್ಡ ಮಲಗಿಸುವುದೂ ಆಗುವುದಿಲ್ಲ.

ಇನ್ನೊಂದು, ಮಗುವಿನ ಭುಜಕ್ಕೆ ಹಾಕುವ ಕೇರ್ಸ್ (CARES) ಎಂಬ ಪಟ್ಟಿ. ತೂಕ ಅರ್ಧ ಕೆಜಿ, ಅಂಗೈಯಗಲದ ಚೀಲದಲ್ಲಿ ಮಡಚಬಹುದು. 10ರಿಂದ 20 ಕೆಜಿಯ, ಒಂದು ಮೀಟರ್ ಒಳಗಿನ ಮಕ್ಕಳಿಗೆ. ಕೆಂಪು ಪಟ್ಟಿಯನ್ನು ಸೀಟಿನ ಬೆನ್ನಿನ ಮೇಲಿಂದ ಇಳಿಸಿ ಮಗುವಿನ ಭುಜಕ್ಕಿಂತ ಕೊಂಚ ಮೇಲೆ ಬರುವಂತೆ ಬಿಗಿಯಬೇಕು, ಅದು ಹಿಂದಿನವರ ಟ್ರೇಯ ಅಡಿ ಹಾಯುತ್ತದೆ. ಆಮೇಲೆ ವಿಮಾನದ ಬೆಲ್ಟನ್ನು ಪಟ್ಟಿಯ ಕೆಳಗಿನ ಎರಡು ಕುಣಿಕೆಯಲ್ಲಿ ಪೋಣಿಸಿ ಹಾಕಬೇಕು. ಬೆಲ್ಟಿನ ಬಕಲ್ ಹೊಟ್ಟೆಯ ಮೇಲೆ ಬಂದರೆ ಮಗು ಜಾರುತ್ತದೆ. ತೊಡೆ ಸಂದಿಗೆ, ಆದಷ್ಟು ಕೆಳಗೆ ಕೂರಬೇಕು. ಮಲಗಿಸುವಾಗ ಪಟ್ಟಿ ಬಿಚ್ಚಿ ಸೊಂಟದ ಬೆಲ್ಟ್ ಮಾತ್ರ ಇಡಿ, ಅದನ್ನು ಹೊದಿಕೆಯ ಮೇಲಿಂದ ಕಟ್ಟಿ. ಬೆಲ್ಟ್ ಕಣ್ಣಿಗೆ ಬಿದ್ದರೆ ಸಿಬ್ಬಂದಿ ಮಗುವನ್ನು ಎಬ್ಬಿಸಿ ನೋಡುವುದಿಲ್ಲ. ಎರಡೂ ಕಂಪನಿಗಳಿಗೆ ಇಮೇಲ್ ಮಾಡಿ ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ, ಫೋನಿನಲ್ಲಿ ಹೇಳಿದ ಮಾತು ಗೇಟಿನಲ್ಲಿ ನಡೆಯುವುದಿಲ್ಲ. ಸೀಟಿನ ಮುಂದೆ ಗಾಳಿ ತುಂಬಿ ಇಡುವ ಕಾಲ್ಮಣೆಗೂ ಇದೇ ಮಾತು, ಕೆಲವು ಕಂಪನಿ ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ.

ಕಾಳಿ ದಂಡೆ, ಕಾರವಾರ:
ಇನ್ನು ಸೀಟು ಕೈಗೆ ಸಿಗುವ ಕ್ರಮ. ಮೂವರೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಅಗ್ಗ ಸಿಕ್ಕಿತೆಂದು ಒಬ್ಬರದು ಬೇರೆ ಮಾಡಿಸಿದರೆ ಕಂಪ್ಯೂಟರಿಗೆ ನೀವು ಒಂದು ಕುಟುಂಬವೇ ಅಲ್ಲ. 12 ವರ್ಷದೊಳಗಿನ ಮಗುವಿನ ಪಕ್ಕ ತಂದೆ ತಾಯಿಯಲ್ಲಿ ಒಬ್ಬರಿಗಾದರೂ ಸೀಟು ಕೊಡಬೇಕು ಎಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರಲ್ಲಿ ಕಂಪನಿಗಳಿಗೆ ಸೂಚಿಸಿದ್ದೂ ಒಂದೇ ಪಿಎನ್‌ಆರ್‌ನಲ್ಲಿ ಇರುವವರಿಗೆ. ಅಮೆರಿಕದ ಕೆಲವು ದೊಡ್ಡ ಕಂಪನಿಗಳೂ 2023ರಿಂದ ಇಂಥ ಭರವಸೆ ಕೊಟ್ಟಿವೆ. ಎಲ್ಲ ಕಡೆ ಮಾತು ಒಬ್ಬರ ಬಗ್ಗೆ. ಇಬ್ಬರೂ ಪಕ್ಕದಲ್ಲಿ ಬೇಕಿದ್ದರೆ ದುಡ್ಡು ಕೊಟ್ಟು ಆರಿಸಬೇಕು.

ಟಿಕೆಟ್ ಮಾಡಿಸುವಾಗ ದರದ ದರ್ಜೆ ನೋಡಿ. ಎಲ್ಲಕ್ಕಿಂತ ಕೆಳಗಿನ ದರದಲ್ಲಿ ಸೀಟು ಆಯ್ಕೆ ಸೇರಿರುವುದಿಲ್ಲ. ನಿಮ್ಮದು ಮೂವರು, ಎರಡು ಹಾರಾಟ, ಹೋಗುವುದಕ್ಕೇ ಆರು ಸೀಟಿನ ಶುಲ್ಕ, ಬರುವುದೂ ಸೇರಿ ಹನ್ನೆರಡು. ಆ ಮೊತ್ತವನ್ನು ಮೇಲಿನ ದರ್ಜೆಯ ವ್ಯತ್ಯಾಸದ ಜೊತೆ ಹೋಲಿಸಿ. ಎಷ್ಟೋ ಸಲ ಮೇಲಿನ ದರ್ಜೆಯೇ ಅಗ್ಗ ಬೀಳುತ್ತದೆ, ತಾರೀಕು ಬದಲಿಸುವ ಸೌಲಭ್ಯವೂ ಸಿಗುತ್ತದೆ.

ಏಜೆಂಟರು ಕೊಡುವ ಆರಕ್ಷರದ ಸಂಖ್ಯೆ ಅವರ ಬುಕಿಂಗ್ ವ್ಯವಸ್ಥೆಯದು. ವಿಮಾನ ಕಂಪನಿಯದು ಬೇರೆ ಇರಬಹುದು, ಅದನ್ನು ಕೇಳಿ ಬರೆದುಕೊಳ್ಳಿ. ಎರಡನೇ ಹಾರಾಟ ಪಾಲುದಾರ ಕಂಪನಿಯದಾದರೆ ಅದಕ್ಕೆ ಮತ್ತೊಂದು ಸಂಖ್ಯೆ. ಸೀಟು ಆರಿಸಬೇಕಾದ್ದು ವಿಮಾನ ಹಾರಿಸುವವರ ವೆಬ್‌ಸೈಟಿನಲ್ಲಿ, ಟಿಕೆಟ್ ಮಾರಿದವರ ಕಡೆ ಅಲ್ಲ. ಮಾರಿದವರ ಕಡೆ "ವಿನಂತಿ ಸ್ವೀಕರಿಸಲಾಗಿದೆ" ಎಂದು ಬಂದರೆ ಅದು ಸೀಟಲ್ಲ. ಸೀಟಿನ ದುಡ್ಡಿಗೆ ಇಎಂಡಿ ಎಂಬ ಪ್ರತ್ಯೇಕ ರಸೀದಿ ಸಂಖ್ಯೆ ಬರುತ್ತದೆ. ವಿಮಾನದ ಮಾದರಿ ಬದಲಾಗಿ ನಿಮ್ಮ ಸೀಟು ಹೋದರೆ ವಾಪಸ್ ಕೇಳಲು ಆ ಸಂಖ್ಯೆಯೇ ಆಧಾರ. ಮಾದರಿ ಬದಲಾವಣೆ ಅಪರೂಪವಲ್ಲ. ವಿಮಾನ ಬದಲಾದೊಡನೆ ಕಂಪ್ಯೂಟರು ಎಲ್ಲರನ್ನೂ ಹೊಸದಾಗಿ ಹಂಚುತ್ತದೆ, ಆಗ ಮಗು 38ರಲ್ಲಿ, ತಾಯಿ 24ರಲ್ಲಿ ಆಗುವುದುಂಟು. ಹದಿನೈದು ದಿನಕ್ಕೊಮ್ಮೆ ತೆರೆದು ನೋಡಿ, ಕೊನೆಯ ವಾರ ದಿನಾ ನೋಡಿ. ಚೆಕ್‌ಇನ್ ತೆರೆಯುವುದು 24ರಿಂದ 48 ತಾಸು ಮೊದಲು. ಆ ನಿಮಿಷಕ್ಕೇ ಮಾಡಿ. ಶಿರಸಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಡುವವರಾದರೆ ದಾರಿಯಲ್ಲಿ ನೆಟ್‌ವರ್ಕ್ ಹೋಗುವ ಮೊದಲು, ಮನೆಯಲ್ಲೇ.

ತೋಟದಮನೆ ಅಜ್ಜ, ಶಿರಸಿ:
ಸೀಟ್ ಮ್ಯಾಪ್ ತೆರೆದಾಗ ಯಾವ ಸಾಲು ಎಂದು ಹೇಗೆ ತಿಳಿಯುವುದು?

ರೆಕ್ಕೆಯ ಸಾಲು, ಅಂಕೋಲಾ:
ಮೊದಲು ವಿಮಾನದ ಮಾದರಿ. ಬೋಯಿಂಗ್ 787, ಏರ್‌ಬಸ್ 350 ಸಾಮಾನ್ಯವಾಗಿ 3-3-3. ಮೂವರಿಗೆ ಹೇಳಿ ಮಾಡಿಸಿದ್ದು, ಒಂದು ಬ್ಲಾಕ್ ಪೂರ್ತಿ ನಿಮ್ಮದು. ಈ ಎರಡರಲ್ಲಿ ಕ್ಯಾಬಿನ್ ಗಾಳಿಯ ಒತ್ತಡ ಸುಮಾರು 6,000 ಅಡಿ ಎತ್ತರದ ಮಟ್ಟದಲ್ಲಿ ಇರುತ್ತದೆ, ಹಳೆಯ ವಿಮಾನಗಳಲ್ಲಿ 8,000 ಅಡಿವರೆಗೆ ಹೋಗುತ್ತದೆ. ಮಗುವಿನ ಮೂಗು ಬಾಯಿ ಒಣಗುವುದೂ ಕಮ್ಮಿ. 777, 747 ಆದರೆ 3-4-3, ಕಿಟಕಿ ಬದಿಯ ಮೂರು ಹಿಡಿಯಿರಿ. ನಡುವಿನ ನಾಲ್ಕರಲ್ಲಿ ಮೂರು ತೆಗೆದರೆ ತುದಿಯವರು ಅಪರಿಚಿತರಾಗುತ್ತಾರೆ. ಏರ್‌ಬಸ್ 330 ಮತ್ತು 340ರಲ್ಲಿ 2-4-2, ಆದರೆ ಹಲವುಗಳಲ್ಲಿ ಬಾಲದ ಹತ್ತಿರ ವಿಮಾನ ಸಪೂರವಾಗುವ ಕಡೆ ನಡುವೆ ಮೂರೇ ಸೀಟು. ಆ ಸಾಲು ಸಿಕ್ಕರೆ ಬಿಡಬೇಡಿ.

ತುರ್ತು ಬಾಗಿಲಿನ ಸಾಲು ಮಕ್ಕಳಿಗೆ ಕೊಡುವುದೇ ಇಲ್ಲ. ಅದರ ಮುಂದಿನ ಸಾಲು ಮತ್ತು ಕ್ಯಾಬಿನ್ನಿನ ಕೊನೆಯ ಸಾಲು ಹಲವೆಡೆ ಹಿಂದಕ್ಕೆ ಒರಗುವುದಿಲ್ಲ. ಟಾಯ್ಲೆಟ್ಟಿಗೆ ಅಂಟಿದ ಸಾಲು ಬೇಡ, ನಾಲ್ಕೈದು ಸಾಲಿನ ದೂರ ಹದ. ಡೈಪರ್ ಬದಲಿಸುವ ಮಡಚು ಹಲಗೆ ಎಲ್ಲ ಟಾಯ್ಲೆಟ್ಟಿನಲ್ಲೂ ಇರುವುದಿಲ್ಲ, ಹತ್ತಿದ ಕೂಡಲೇ ಯಾವುದರಲ್ಲಿದೆ ಎಂದು ಕೇಳಿಕೊಳ್ಳಿ.

ಇಬ್ಬರ ತಾಯಿ, ಕುಮಟಾ:
ಮಗುವನ್ನು ಐಲ್ ಬದಿಗೆ ಮಾತ್ರ ಕೂರಿಸಬೇಡಿ. ಊಟದ ಗಾಡಿಯ ಮೂಲೆ ಮೊಣಕೈಗೆ ತಾಗುತ್ತದೆ, ಬಿಸಿ ಚಹಾ ಮಗುವಿನ ತಲೆಯ ಮೇಲಿಂದ ಕೈ ಬದಲಾಗುತ್ತದೆ.

ಶರಾವತಿ ಸೇತುವೆ, ಹೊನ್ನಾವರ:
ಸೀಟು ಚದುರಿದರೆ ಅದಲುಬದಲು ಕೇಳುವ ರೀತಿಯೂ ಮುಖ್ಯ. ಒಳಗೆ ಎಲ್ಲರೂ ಕೂತ ಮೇಲೆ ಕೇಳಬೇಡಿ. ಮೊದಲು ಕೌಂಟರಿನಲ್ಲಿ, ಆಮೇಲೆ ಗೇಟಿನಲ್ಲಿ, ಬೋರ್ಡಿಂಗ್ ಶುರುವಾಗುವ ಮುಂಚೆ. ಪ್ರಯಾಣಿಕರನ್ನೇ ಕೇಳುವುದಾದರೆ ಅವರದಕ್ಕಿಂತ ಒಳ್ಳೆಯ ಸೀಟು ಕೈಯಲ್ಲಿ ಹಿಡಿದು ಕೇಳಿ. ನಡುವಿನ ಸೀಟಿನವರಿಗೆ ಐಲ್ ಕೊಡಿ. ದುಡ್ಡು ಕೊಟ್ಟು ಕಿಟಕಿ ತೆಗೆದವರಿಗೆ ನಡುವಿನದು ಕೊಡಲು ಹೋಗುವುದು ನ್ಯಾಯವಲ್ಲ, ಅವರು ಒಲ್ಲೆ ಎಂದರೆ ತಪ್ಪೂ ಅವರದಲ್ಲ.

ತೋಟದಮನೆ ಅಜ್ಜ, ಶಿರಸಿ:
ಒಂದು ಮಾತು ಬಿಟ್ಟುಹೋಯಿತು. ಅಳಿಯನಿಗೆ ರಜೆ ಕಮ್ಮಿ, ವಾಪಸ್ ಬರುವಾಗ ಮಗಳು ಮಾಣಿ ಇಬ್ಬರೇ ಆಗಬಹುದು.

ಸಾಗರತೀರ, ಭಟ್ಕಳ:
ಹಾಗಾದರೆ ಲೆಕ್ಕವೇ ಬೇರೆ ಅಜ್ಜ. ಇಬ್ಬರಿಗೆ ಎರಡರ ಬ್ಲಾಕ್ ಹುಡುಕಬೇಕು. ಹಲವು 777ಗಳಲ್ಲಿ ಕೊನೆಯ ಕೆಲವು ಸಾಲಿನಲ್ಲಿ ಕಿಟಕಿ ಬದಿಗೆ ಎರಡೇ ಸೀಟು. ಗೋಡೆಗೂ ಸೀಟಿಗೂ ನಡುವೆ ಒಂದು ಸಂದಿ ಉಳಿಯುತ್ತದೆ, ವಿಮಾನ ಮೇಲೇರಿದ ಮೇಲೆ ಡೈಪರ್ ಚೀಲ ಅಲ್ಲಿ ಕೂರುತ್ತದೆ. ಅಲ್ಲಿ ಕುಲುಕಾಟ ಸ್ವಲ್ಪ ಹೆಚ್ಚು, ಇಳಿಯುವುದು ಎಲ್ಲರಿಗಿಂತ ಕೊನೆಗೆ. ಆದರೆ ಮಗಳು ಯಾರನ್ನೂ ಎಬ್ಬಿಸದೆ ಎದ್ದು ಹೋಗಬಹುದು. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಲು ಎರಡೂವರೆ ತಾಸಾದರೂ ಇಟ್ಟುಕೊಂಡು ಆ ಸೀಟು ಹಿಡಿಯಿರಿ.

ರೆಕ್ಕೆಯ ಸಾಲು, ಅಂಕೋಲಾ:
ಅಲ್ಲಿ ಐಲ್ ಬದಿಯ ಆರ್ಮ್‌ರೆಸ್ಟ್ ಕೂಡ ಎಷ್ಟೋ ವಿಮಾನಗಳಲ್ಲಿ ಏಳುತ್ತದೆ. ಅಡಿಭಾಗದಲ್ಲಿ, ಬೆನ್ನಿಗೆ ಸೇರುವ ಕೀಲಿನ ಹತ್ತಿರ ಬೆರಳಿಗೆ ಒಂದು ಸಣ್ಣ ಗುಂಡಿ ಸಿಗುತ್ತದೆ, ಅದನ್ನು ಒತ್ತಿ ಎತ್ತಬೇಕು. ನಿದ್ದೆ ಹೋದ ಮಗುವನ್ನು ತೋಳಲ್ಲಿ ಹೊತ್ತು ಒಬ್ಬರೇ ಏಳುವಾಗ ಅದು ದೊಡ್ಡ ಅನುಕೂಲ. ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಇಳಿಸಿಡಬೇಕು.

ಕಾಳಿ ದಂಡೆ, ಕಾರವಾರ:
ಅಪ್ಪ ಜೊತೆಗಿಲ್ಲದಿದ್ದರೆ ಮಗುವನ್ನು ಕರೆದೊಯ್ಯಲು ಆತನ ಒಪ್ಪಿಗೆ ಪತ್ರ ಸಹಿ ಮಾಡಿಸಿ ಇಟ್ಟುಕೊಳ್ಳಲಿ. ವಾಪಸ್ ಭಾಗವನ್ನು ಅಮ್ಮ ಮಗುವಿನದೇ ಪಿಎನ್‌ಆರ್ ಆಗಿ ಬೇರ್ಪಡಿಸಬೇಕಾದರೆ ಕಂಪನಿಗೇ ಫೋನ್ ಮಾಡಿ. ಬೇರ್ಪಡಿಸಿದ ಕೂಡಲೇ ಸೀಟು ಮತ್ತು ಮಕ್ಕಳ ಊಟ ಎರಡೂ ಹೊಸ ಸಂಖ್ಯೆಗೆ ಬಂದಿವೆಯೇ ನೋಡಿ, ಅಲ್ಲೇ ಕಳೆದುಹೋಗುವುದು ಹೆಚ್ಚು. ಟಿಕೆಟ್ ಆದ ಮೇಲೆ ವಿಮಾನದ ಮಾದರಿ ಇಲ್ಲಿ ಹಾಕಿ, ಸಾಲಿನ ಸಂಖ್ಯೆ ಕೂತು ನೋಡೋಣ.